ಹೊಕ್ಕಳಿಂದ ನಾಲ್ಕು ಬೆರಳು ಮೇಲೆ

“ಅಷ್ಟು ಸಣ್ಣ ಚುಕ್ಕಿ, ಅದೂ ಯಾತಕ್ಕಾರ ಬೇಕಾಯ್ತದಾ?”

ಶಾಂತಮಲ್ಲಮ್ಮ ಯಾರನ್ನೂ ಕೇಳಿರಲಿಲ್ಲ. ಎದುರಿಗಿದ್ದದ್ದು ಆಪರೇಷನ್ ಥಿಯೇಟರಿನ ಮುಚ್ಚಿದ ಬಾಗಿಲು. ಮಡಿಲಲ್ಲಿ ಗಂಡನ ಬೆಳ್ಳಿ ಕರಡಿಗೆ, ಒಳಗೆ ಇಷ್ಟಲಿಂಗವಿಲ್ಲದೆ ಹಗುರಾಗಿ. ಸೆರಗಿನ ತುದಿಯಲ್ಲಿ ಉಗುರಗಲದ ನೇರಳೆ ಕಲೆ. ಬೆಳಗಿನಿಂದ ಮೂರು ಸಲ ಅದನ್ನು ಮಡಿಚಿ ಒಳಕ್ಕೆ ಸೇರಿಸಿದ್ದಳು. ಮೂರು ಸಲವೂ ಹೊರಗೆ ಬಂದಿತ್ತು.

“ಏನಂದ್ರಿ ಅಕ್ಕ?” ಪಕ್ಕದಲ್ಲಿ ಕೂತಿದ್ದ ಮಂಚಮ್ಮ ತಿರುಗಿದಳು. ಚಂದಕವಾಡಿಯವಳು, ಗಂಡನ ಕಿಡ್ನಿ ಕಲ್ಲು ತೆಗೆಸಲು ಬಂದವಳು.

“ಏನಿಲ್ಲ ಬುಡಿ.”

“ನಮ್ಮೋನು ಗಾರೆ ಕೆಲಸದೋನು ಕನಕ್ಕ. ಈಚೆ ಕಲ್ಲು ಜೋಡ್ಸಿದ್ದು ಸಾಲ್ದು ಅಂತ ಒಳಗೂ ಜೋಡಿಸ್ಕಂಡವ್ನೆ. ಡಾಕ್ಟ್ರು ‘ಇಷ್ಟು ದಪ್ಪ ಅದೆ’ ಅಂತ ತೋರ್ಸುದ್ರೆ, ‘ಜಲ್ಲಿಯಾ, ಸೈಜುಗಲ್ಲಾ ಸಾ’ ಅಂತ ಕೇಳ್ತಾನೆ ಮೂದೇವಿ.”

ಶಾಂತಮಲ್ಲಮ್ಮನಿಗೆ ನಗು ಬಂತು.

ಅವರದು ಬೇಗೂರು. ಹೈವೇ ಪಕ್ಕದಲ್ಲಿ ಬೂಸಾ ಹಿಂಡಿಯ ಅಂಗಡಿ. ಗಂಡ ಪುಟ್ಟಮಲ್ಲಪ್ಪನಿಗೆ ಅರವತ್ತಾರು. ಯುಗಾದಿ ಕಳೆದ ಮೇಲೆ ಮೂತ್ರದಲ್ಲಿ ರಕ್ತ ಕಂಡಿತು. ಬಿಸಿಲ ತಾಪ ಎಂದು ಹದಿನೈದು ದಿನ ಎಳನೀರು ಕುಡಿದ. ಆಮೇಲೆ ಚಾಮರಾಜನಗರದಲ್ಲಿ ತೋರಿಸಿದಾಗ ಮೂತ್ರಕೋಶದಲ್ಲಿ ಗಡ್ಡೆ ಇದೆ, ಕೆಟ್ಟ ಜಾತಿಯದು, ಕೋಶವನ್ನೇ ತೆಗೆಯಬೇಕು ಎಂದರು. ತೆಗೆದ ಮೇಲೆ ನೀರು ಹೋಗುವುದೆಲ್ಲಿಂದ? ಸಣ್ಣ ಕರುಳಿನಲ್ಲಿ ಗೇಣುದ್ದ ತುಂಡು ಬೇರೆ ಮಾಡುತ್ತಾರಂತೆ. ಎರಡು ಮೂತ್ರನಾಳಗಳನ್ನು ಅದಕ್ಕೆ ಹೊಲಿದು, ಅದರ ಇನ್ನೊಂದು ತುದಿಯನ್ನು ಹೊಟ್ಟೆಯ ಚರ್ಮದ ಮೇಲೆ ಬಾಯಿ ಮಾಡಿ ತೆರೆದಿಡುತ್ತಾರಂತೆ. ಆ ಬಾಯಿಗೆ ಒಂದು ಚೀಲ ಅಂಟಿಸಿಕೊಳ್ಳಬೇಕು, ಬದುಕಿರುವವರೆಗೂ.

“ಐವತ್ತು ಕೆಜಿ ಬೂಸಾ ಮೂಟೆ ಹೊತ್ತೋನ್ಗ ಇದೊಂದು ಚೀಲವಾ?” ಎಂದು ಪುಟ್ಟಮಲ್ಲಪ್ಪನೇ ನಕ್ಕಿದ್ದ. ಎಲ್ಲಕ್ಕೂ ಒಪ್ಪಿದ್ದ. ಥಿಯೇಟರಿನೊಳಕ್ಕೆ ಬೆಳ್ಳಿ ಬೇಡ ಎಂದಾಗ ಕರಡಿಗೆಯಿಂದ ಲಿಂಗ ತೆಗೆದು, ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿಸಿಕೊಂಡೂ ಇದ್ದ. ಮೈಯಿಂದ ಅಗಲದಿದ್ದರೆ ಸಾಕು ಎಂದಿದ್ದ.

ತೊಡಕು ಬಂದದ್ದು ಚುಕ್ಕಿಯಿಂದ.

ಹಿಂದಿನ ದಿನ ಮಧ್ಯಾಹ್ನ ನರ್ಸ್ ಭವ್ಯ ಬಂದು ಅವನನ್ನು ಕೂರಿಸಿದಳು, ನಿಲ್ಲಿಸಿದಳು, ಬಗ್ಗಿಸಿದಳು, ಹೊಟ್ಟೆಯ ಮಡಿಕೆ ಎಲ್ಲೆಲ್ಲಿ ಬೀಳುತ್ತದೆ ಎಂದು ನೋಡಿದಳು. ನೇರಳೆ ಪೆನ್ನಿನಲ್ಲಿ ಎರಡು ಚುಕ್ಕಿ ಇಟ್ಟಳು. ಒಂದು ಹೊಕ್ಕಳ ಕೆಳಗೆ ಬಲಕ್ಕೆ. ಇನ್ನೊಂದು ಹೊಕ್ಕಳ ಮೇಲೆ ಬಲಕ್ಕೆ. ಎರಡರ ಮೇಲೂ ಗಾಜಿನಂಥ ತೆಳು ಹಾಳೆ ಅಂಟಿಸಿದಳು.

“ಬಾಯಿ ಬರೋದು ಕೆಳಗಿನ ಗುರುತಲ್ಲೇ ಯಜಮಾನ್ರೇ. ಮೇಲಿಂದು ಸುಮ್ನೆ, ಎಂಥದಕ್ಕೂ ಇರಲಿ ಅಂತ. ಮಡಿಕೆ ಮೇಲೆ ಬಂದ್ರೆ ಚೀಲ ನಿಲ್ಲಲ್ಲ, ಸೋರುತ್ತೆ. ಅದಕ್ಕೇ ಕೂರ್ಸಿ ನೋಡೋದು.”

ಅವಳು ಹೋದ ಮೇಲೆ ಪುಟ್ಟಮಲ್ಲಪ್ಪ ಅಂಗಿ ಎತ್ತಿಕೊಂಡು ಬಹಳ ಹೊತ್ತು ಕೂತ. ಅವನ ತಾತ ಹೇಳಿಕೊಟ್ಟಿದ್ದ ಒಂದು ಗೆರೆಯಿತ್ತು: ಹೊಕ್ಕಳಿಂದ ಮೇಲಿನದು ಶಿವನ ಪಾಲು, ಕೆಳಗಿನದು ದೇಹದ ಪಾಲು. ಮಲ, ಮೂತ್ರ, ಆಸೆ, ಎಲ್ಲ ಗೆರೆಯ ಕೆಳಗೆ. ಲಿಂಗ ಗೆರೆಯ ಮೇಲೆ. ಇದನ್ನು ಅವನು ಯಾರಿಗೂ ಬೋಧಿಸಿದವನಲ್ಲ, ಹಾಗೆ ಬದುಕಿದವನು.

“ಇವಳೇ, ಇಲ್ಲಿ ಬೆರಳಿಟ್ಟು ನೋಡು. ಎಷ್ಟು ಮ್ಯಾಲದೆ?”

ಶಾಂತಮಲ್ಲಮ್ಮ ಹೊಕ್ಕಳ ಮೇಲೆ ಬೆರಳು ಜೋಡಿಸಿ ಇಟ್ಟಳು. “ನಾಲ್ಕು ಬೆರಳು. ಬಲಕ್ಕ ಮೂರು.”

“ಬಗ್ಗುದ್ರ ಕರಡಿಗೆ ಹೋಗಿ ಕೂರೋ ಜಾಗ. ಅಲ್ಲಿ ಉಚ್ಚೆ ಬಾಯಿ ತೆಗೆದ್ರ ನಾ ಕಟ್ಟಿರೋದು ಲಿಂಗನಾ, ಏನು? ಒರೆಸಾಕು.”

“ಡಾಕ್ಟ್ರು ಇಟ್ಟಿರೋದು...”

“ಗುರುತಿದ್ರ ತಾನೆ ಅಲ್ಲಿ ಕುಯ್ಯೋದು? ಇಲ್ದೇ ಹೋದ್ರ ಕೆಳಗೇ ಮಾಡ್ತಾರ. ಒರೆಸು ಅಂದ್ನಲ್ಲ.”

ಹಾಳೆ ಕೀಳುವಾಗ ಹೊಟ್ಟೆಯ ಕೂದಲೂ ಕಿತ್ತು ಬಂದು “ಶಿವಾ!” ಎಂದ. ಅವಳು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ತೊಟ್ಟು ಸೆರಗಿನಿಂದ ಉಜ್ಜಿದಳು. ಚುಕ್ಕಿ ಹೋಯಿತು. ಸೆರಗಿಗೆ ಬಂತು.

ಈಗ ಬೆಳಗ್ಗೆ ಎಂಟಕ್ಕೆ ಒಳಗೆ ಹೋದವನು ಒಂದೂವರೆಯಾದರೂ ಒಳಗೇ ಇದ್ದಾನೆ.

“ಪುಟ್ಟಮಲ್ಲಪ್ಪನ ಕಡೆಯೋರು ಯಾರು?”

ಬಾಗಿಲು ಅರ್ಧ ತೆರೆದು ಡಾಕ್ಟರ್ ಮಲ್ಲೇಶ್ ನಿಂತಿದ್ದರು, ಹಸಿರು ಟೋಪಿ, ಮಾಸ್ಕು ಗದ್ದಕ್ಕಿಳಿದಿತ್ತು. ಹಿಂದೆ ಭವ್ಯ, ಕೈಯಲ್ಲಿ ದೊಡ್ಡ ಫೋನಿನಂಥದ್ದು. ಶಾಂತಮಲ್ಲಮ್ಮ ಎದ್ದಾಗ ಕರಡಿಗೆ ಜಾರಿತು. ಮಂಚಮ್ಮ ಹಿಡಿಯಹೋಗಿ ಕೈ ಹಿಂದಕ್ಕೆ ತೆಗೆದುಕೊಂಡಳು. “ನಾ ಮುಟ್ಟಬೋದಾ ಅಕ್ಕ?” ಎಂದಳು. ಅಷ್ಟರಲ್ಲಿ ಅದು ಸೀರೆಯ ಮಡಿಕೆಯಲ್ಲೇ ನಿಂತಿತ್ತು.

“ಗಾಬರಿ ಆಗ್ಬೇಡಿ ಅಮ್ಮ. ಗಡ್ಡೆ ಕೋಶದ ಸಮೇತ ಬಂದಿದೆ. ಈಗ ಬೇರೆ ಒಂದು ಮಾತು ಕೇಳಬೇಕು. ಜೊತೆಗೆ ಇನ್ಯಾರಿದ್ದಾರೆ?”

“ಮಗಳು ಅವ್ಳ. ಗುಂಡ್ಲುಪೇಟೆಲಿ ಟೀಚರು. ಪರೀಕ್ಷೆ ಡ್ಯೂಟಿ ಅದ ಅಂತ...” ಫೋನು ಮಾಡಿದಳು. ಸುಧಾಮಣಿಯ ಫೋನು ಸ್ವಿಚ್ ಆಫ್ ಆಗಿತ್ತು. ಇನ್ನೊಮ್ಮೆ ಮಾಡಿದಳು. ಆಫ್ ಆಗಿತ್ತು.

“ಸರಿ, ನೀವೇ ನೋಡಿ.” ಡಾಕ್ಟರು ಒಂದು ಚಿತ್ರ ತೋರಿಸಿದರು. “ಇದು ಮಾಮೂಲಿ ಬೆಳಕಲ್ಲಿ ತೆಗೆದಿದ್ದು. ನಾವು ಬೇರೆ ಮಾಡಿದ ಕರುಳಿನ ತುಂಡು.”

ತಿಳಿಗೆಂಪು, ಒದ್ದೆ, ಮಿರಮಿರ ಹೊಳೆಯುವಂಥದು. ಶಾಂತಮಲ್ಲಮ್ಮ ಬಗ್ಗಿ ನೋಡಿದಳು. ಆ ತುದಿಯಿಂದ ಈ ತುದಿಗೆ ಒಂದೇ ಬಣ್ಣ.

“ಈಗ ಅವರ ಕೈನರಕ್ಕೆ ಒಂದು ಔಷಧಿ ಕೊಟ್ವಿ. ರಕ್ತ ಎಲ್ಲೆಲ್ಲಿ ಹೋಗುತ್ತೋ ಅಲ್ಲೆಲ್ಲ ಅದೂ ಹೋಗುತ್ತೆ. ನಮ್ಮ ಕಣ್ಣಿಗೆ ಕಾಣಲ್ಲ, ಈ ಕ್ಯಾಮೆರಾಗೆ ಹಸಿರಾಗಿ ಕಾಣುತ್ತೆ.” ಬೆರಳಿನಿಂದ ಚಿತ್ರ ಸರಿಸಿದರು. ಎಲ್ಲ ಕಪ್ಪಾಯಿತು. ಕಪ್ಪಿನ ನಡುವೆ ಅದೇ ಕರುಳು ಹಸಿರಾಗಿ ಉರಿಯುತ್ತಿತ್ತು, ಒಂದು ತುದಿ ಬಿಟ್ಟು. ಆ ತುದಿ ಇರಲೇ ಇಲ್ಲವೇನೋ ಎಂಬಂತೆ ಕತ್ತಲಲ್ಲಿ ಕಳೆದುಹೋಗಿತ್ತು.

“ಮೈಯಿ ಹಸುರಾದ್ರ ಕೊಳೀತಾ ಅದೆ ಅಂತ ಅಲ್ವಾ ಡಾಕ್ಟ್ರೇ?”

“ಇಲ್ಲಿ ತಿರುಗಾಮುರುಗಾ ಅಮ್ಮ. ಹಸಿರಾಗಿರೋದಕ್ಕೆ ಜೀವ ಇದೆ. ಕಪ್ಪಾಗಿರೋ ಕಡೆ ರಕ್ತ ಸರಿಯಾಗಿ ಹೋಗ್ತಿಲ್ಲ. ಆ ತುದಿ ಕತ್ತರಿಸಿ ತೆಗೆದ್ವಿ. ತುಂಡು ಚಿಕ್ಕದಾಯ್ತು. ಅದನ್ನ ಕೆಳಗಿನ ಗುರುತಿಗೆ ಎಳೆದು ನೋಡಿದ್ವಿ. ಅಲ್ಲಿ ಹೊಟ್ಟೆ ಗೋಡೆ ದಪ್ಪ, ಎಳೆದೇ ತರಬೇಕು. ಎಳೆದಾಗ ಹೀಗಾಯ್ತು.”

ಮೂರನೆಯದು ಓಡುವ ಚಿತ್ರ. ಕೈಗವಸಿನ ಬೆರಳುಗಳು ಕರುಳನ್ನು ಎಳೆದವು. ಹಸಿರು ಮಂಕಾಗುತ್ತ, ಎಣ್ಣೆ ತೀರಿದ ಬತ್ತಿಯ ಹಾಗೆ ಆರಿತು. ಬೆರಳುಗಳು ಸಡಿಲವಾದವು. ಒಂದೆರಡು ಉಸಿರಿನ ಹೊತ್ತಿನಲ್ಲಿ ಮತ್ತೆ ಬಂತು.

ಶಾಂತಮಲ್ಲಮ್ಮ ಮೊದಲ ಚಿತ್ರ ಮತ್ತೆ ತೋರಿಸಿ ಎಂದಳು. ತೋರಿಸಿದರು. “ಇದ್ರಲ್ಲಿ ಚೆಂದಾಗೇ ಅದಲ್ಲ? ಎಲ್ಲಾ ಒಂದೇ ನಮೂನಿ.”

“ಹೌದು. ಕಣ್ಣು ನಂಬಿ ಹೊಲಿದ್ರೆ ನಾಲ್ಕು ದಿನಕ್ಕೆ ಆ ಬಾಯಿ ಕಪ್ಪಾಗಿ ಸಾಯಬಹುದು. ಮತ್ತೆ ಆಪರೇಷನ್.”

“ಬಹುದು ಅಂದ್ರ? ಆಯ್ತದಾ, ಆಗಕಿಲ್ವಾ?”

“ಖಚಿತವಾಗಿ ನನಗೂ ಗೊತ್ತಿಲ್ಲ ಅಮ್ಮ. ಎಳೆದಾಗ ಮಂಕಾಗಿದ್ದೆಲ್ಲ ಸತ್ತೇ ಹೋಗಲ್ಲ. ಆದರೆ ಕಂಡ ಮೇಲೆ ಅಲ್ಲಿ ಹೊಲಿಯೋಕೆ ನನಗೆ ಧೈರ್ಯ ಇಲ್ಲ. ಇನ್ನೊಂದು ತುಂಡು ತೆಗೀಬಹುದು, ಅಂದ್ರೆ ಕರುಳನ್ನ ಮತ್ತೊಂದು ಕಡೆ ಕುಯ್ದು ಜೋಡಿಸಬೇಕು. ಇನ್ನೂ ಎರಡು ಗಂಟೆ ಮಲಗಬೇಕು. ಅವರಿಗೆ ಶುಗರಿದೆ, ಎದೆದೂ ಅಷ್ಟಕ್ಕಷ್ಟೆ. ಮೇಲಿನ ಜಾಗಕ್ಕೆ ತಂದ್ರೆ ಎಳೀಬೇಕಾಗಿಲ್ಲ, ಹಸಿರಾಗೇ ಇರುತ್ತೆ. ನೋಡಿದ್ದೀನಿ. ಆದರೆ ಮೇಲಿನ ಗುರುತೇ ಸಿಗ್ತಿಲ್ಲ.”

“ಎರಡು ಹಾಕಿದ್ದೆ ಸಾರ್,” ಎಂದಳು ಭವ್ಯ. ಅವಳ ಕಣ್ಣು ಕೆಂಪಾಗಿತ್ತು, ಒಳಗೆ ಬೈಸಿಕೊಂಡಿರಬೇಕು. “ಬಲಕ್ಕೆ ಮೇಲೆ ಅಂತ ಬರೆದಿದ್ದೀನಿ. ಅಳತೆ ಬರೀಲಿಲ್ಲ. ಹಾಳೆ ಅಂಟಿಸಿದ್ದೆ, ಅದು ಹೇಗೆ...”

“ಸ್ನಾನದಲ್ಲಿ ಹೋಗಿರುತ್ತೆ ಬಿಡು. ಅಮ್ಮ, ಮಲಗಿದ ಹೊಟ್ಟೇಲಿ ಮಡಿಕೆ ಗೊತ್ತಾಗಲ್ಲ. ಅಂದಾಜಲ್ಲಿ ಮಾಡ್ತೀನಿ. ತಪ್ಪಿದರೆ ದಿನಾ ಚೀಲ ಸೋರುತ್ತೆ, ಅದನ್ನ ಮೊದಲೇ ಹೇಳಿಬಿಡ್ತೀನಿ. ಮೇಲೆ ಮಾಡೋಕೆ ಒಪ್ಪಿಗೆ ತಾನೆ?”

ಮದುವೆಯಾಗಿ ನಲವತ್ತೊಂದು ವರ್ಷ. ಪ್ರತಿ ಬೆಳಗ್ಗೆ ಅವನು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ವಚನ ಹೇಳುವುದು, ಅವಳು ಒಲೆಯ ಮುಂದೆ ಕೇಳುವುದು. ಹೊತ್ತು ಅಳೆಯುತ್ತಿದ್ದದ್ದೂ ಅದರಿಂದಲೇ: ಮೂರನೆಯ ವಚನಕ್ಕೆ ಹಾಲಿನ ಉರಿ ಸಣ್ಣ ಮಾಡಬೇಕು, ಐದನೆಯದಕ್ಕೆ ಮುದ್ದೆಗೆ ಎಸರು. ಈಗ ಯಾವುದಾದರೂ ಒಂದು ಸಾಲು ಬಂದು ಕೈ ಹಿಡಿಯಬಾರದೇ ಎಂದುಕೊಂಡಳು. ಬಂದವು, ಒಂದರ ಮೇಲೊಂದು. ಕಣ್ಣಿಗೆ ಕಂಡದ್ದು ದಿಟವಲ್ಲ ಎನ್ನುವುದೂ ಬಂತು, ಕೊಟ್ಟ ಮಾತಿಗೆ ತಪ್ಪಬಾರದು ಎನ್ನುವುದೂ ಬಂತು. ಎರಡೂ ಅವನದೇ ದನಿಯಲ್ಲಿ. ಯಾವುದನ್ನು ಹಿಡಿಯಬೇಕೋ ತಿಳಿಯಲಿಲ್ಲ.

“ಅಮ್ಮ, ನನಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಹೊರಗೆ ನಿಲ್ಲೋಕಾಗಲ್ಲ.”

“ಕೇಳಿ ಅಕ್ಕ, ಅವ್ರು ಕೇಳ್ತಾ ಇರದು ನಿಮ್ಮುನ್ನ,” ಎಂದಳು ಮಂಚಮ್ಮ ಹಿಂದಿನಿಂದ.

“ಸ್ನಾನದಲ್ಲಿ ಹೋಗಿಲ್ಲ,” ಎಂದಳು ಶಾಂತಮಲ್ಲಮ್ಮ. “ನಾನೇ ಒರೆಸಿದ್ದು. ಈ ಹುಡುಗೀದೇನೂ ತಪ್ಪಿಲ್ಲ.”

ಭವ್ಯ ಸೆರಗಿನ ಕಲೆಯನ್ನು ಆಗ ನೋಡಿದಳು. ಶಾಂತಮಲ್ಲಮ್ಮ ಕರಡಿಗೆಯನ್ನು ಎಡಗೈಗೆ ತೆಗೆದುಕೊಂಡು, ಬಲಗೈಯ ನಾಲ್ಕು ಬೆರಳು ಜೋಡಿಸಿ ಸೀರೆಯ ಮೇಲೇ ತನ್ನ ಹೊಕ್ಕಳ ಮೇಲಿಟ್ಟಳು.

“ಇಷ್ಟು ಮ್ಯಾಕ. ಅಲ್ಲಿಂದ ಬಲಕ್ಕ ಮೂರು. ನಂದೇ ಬೆರಳು. ನೆನ್ನೆ ಇಟ್ಟು ನೋಡಿದ್ದೆ.”

ಭವ್ಯ ಜೇಬಿನಿಂದ ಟೇಪು ತೆಗೆದು ಅವಳ ಬೆರಳುಗಳನ್ನು ಅಳೆದಳು. ನಾಲ್ಕಕ್ಕೆ ಏಳು ಸೆಂಟಿಮೀಟರು. ಮೂರಕ್ಕೆ ಐದು. ಅಂಗೈ ಮೇಲೆ ಬರೆದುಕೊಂಡಳು. ಶಾಂತಮಲ್ಲಮ್ಮ ಒಪ್ಪಿಗೆಯ ಕಾಗದದ ಮೇಲೆ ಹೆಸರು ಬರೆದಳು. ‘ಮಲ್ಲಮ್ಮ’ದಲ್ಲಿ ಒಂದು ಒತ್ತು ಬಿಟ್ಟುಹೋಯಿತು. ತಿದ್ದುವುದರೊಳಗೆ ಬಾಗಿಲು ಮುಚ್ಚಿತ್ತು.

ಮೂರನೆಯ ದಿನ ಭವ್ಯ ಚೀಲ ಬದಲಾಯಿಸುವುದನ್ನು ಕಲಿಸಲು ಬಂದಳು. ಹೊಟ್ಟೆಯ ಮೇಲೆ ಗುಲಾಬಿ ಬಣ್ಣದ ಸಣ್ಣ ಬಾಯಿ. “ನೋಡಿ ಎಷ್ಟು ಚೆನ್ನಾಗಿದೆ! ಕಪ್ಪಾಗಿದ್ರೆ ನಮಗೆ ಎದೆ ಹೊಡ್ಕೊಳ್ತಿತ್ತು,” ಎಂದಳು. ಪುಟ್ಟಮಲ್ಲಪ್ಪ ಬಗ್ಗಿ ನೋಡಿದ. ನಿಧಾನಕ್ಕೆ ಕೈ ತಂದು ತನ್ನ ಬೆರಳುಗಳನ್ನು ಹೊಕ್ಕಳ ಮೇಲಿಟ್ಟ. ಅವನ ಬೆರಳು ದಪ್ಪ, ಮೂರೂವರೆಗೇ ಮುಗಿಯಿತು. ಮುಖವನ್ನು ಗೋಡೆಯ ಕಡೆ ತಿರುಗಿಸಿದ.

ಹನ್ನೆರಡನೆಯ ದಿನ ಬಿಟ್ಟರು. ಬೇಗೂರಿಗೆ ಹೋಗದೆ ಗುಂಡ್ಲುಪೇಟೆಯಲ್ಲಿ ಮಗಳ ಮನೆಗೆ ಬಂದರು. ಚೀಲ, ಅಂಟು ಎಲ್ಲ ಅಲ್ಲಿ ಸಿಗುತ್ತಿತ್ತು, ಸುಧಾಮಣಿಗೆ ಕೈಹಚ್ಚಲು ಅಳುಕಿರಲಿಲ್ಲ. ಚೀಲ ಒಂದು ದಿನವೂ ಸೋರಲಿಲ್ಲ.

ಲಿಂಗ ಮಾತ್ರ ತೋಳಿನಲ್ಲೇ ಉಳಿಯಿತು, ಆಸ್ಪತ್ರೆಯ ಬಟ್ಟೆಯಲ್ಲೇ. ಶಾಂತಮಲ್ಲಮ್ಮ ಬೆಳಗ್ಗೆ ನೀರು, ವಿಭೂತಿ, ಪತ್ರೆ ತಂದಿಡುವಳು. ಅವನು ಅವುಗಳನ್ನು ನೋಡುತ್ತ ಕೂರುವನು. ಪೂಜೆಯಿಲ್ಲ, ವಚನವಿಲ್ಲ. ಅವಳ ಹಾಲು ಎರಡು ಸಲ ಉಕ್ಕಿ ಒಲೆಗೆ ಹೋಯಿತು.

“ದಾರ ಗಿಡ್ಡ ಮಾಡಿ ಎದೆ ಮೇಲೆ ಕಟ್ಕೊ ಅಪ್ಪ. ಕತ್ತಿಗೇ ಕಟ್ಕೊಳೋರಿಲ್ವಾ?” ಎಂದಳು ಸುಧಾಮಣಿ.

“ದಾರ ಮ್ಯಾಕ ಕಟ್ಟಬೋದು ಕಣಮ್ಮಿ. ಗೆರೆನ ಯಾರು ಮ್ಯಾಕ ಕಟ್ಟೋರು?”

“ಗೆರೆ ಎಲ್ಲಿದೆ ತೋರ್ಸು, ಸ್ಕೇಲು ತತ್ತೀನಿ.”

“ನಿಮ್ಮ ಇಸ್ಕೂಲಲ್ಲಿ ತೋರ್ಸು ಓಗು ನಿನ್ ಸ್ಕೇಲ.”

ಅವಳು ಶಾಲೆಗೆ ಹೋದ ಮೇಲೆ ಅವನು ಹೆಂಡತಿಯನ್ನು ಕರೆದ. ಆಪರೇಷನ್ ಆದ ಮೇಲೆ ಆ ಮಾತೆತ್ತಿದ್ದು ಅದೇ ಮೊದಲು.

“ಅಳಿಸಿದ ಚುಕ್ಕಿ ಡಾಕ್ಟ್ರಿಗ ಹೆಂಗ ಸಿಕ್ತು? ಸರ್ಯಾಗಿ ಅಲ್ಲೇ. ಒಂದು ಕೂದಲೂ ಆ ಕಡಿಗಿಲ್ಲ.”

“ನಾನೇ ಹೇಳ್ದೆ.”

ಹೇಳಿದಳು, ಕಂಡ ಹಾಗೆ. ಕೆಂಪು ಚಿತ್ರ, ಹಸಿರು ಚಿತ್ರ, ಎಳೆದಾಗ ಆರಿದ್ದು, ಬಿಟ್ಟಾಗ ಬಂದದ್ದು. ಹೇಳುತ್ತ ಹೇಳುತ್ತ ತನಗೇ ಅನುಮಾನವಾಯಿತು, ಆರಿದ್ದು ಯಾವುದು, ಎಷ್ಟು ಆರಿತು, ತಾನು ಪೂರ್ತಿ ನೋಡಿದೆನೋ ಇಲ್ಲವೋ. ಡಾಕ್ಟರು ಬಹುದು ಎಂದಿದ್ದರು, ಖಂಡಿತ ಎಂದಿರಲಿಲ್ಲ ಎನ್ನುವುದನ್ನೂ ಬಿಡದೆ ಹೇಳಿದಳು.

“ಅಂದ್ರ ಕೆಳಗೂ ಉಳೀಬೋದಿತ್ತು.”

“ಉಳೀಬೋದಿತ್ತೇನೋ.”

“ಸಾಯಬೋದಿತ್ತೂ.”

“ಹ್ಞೂಂ. ಗೊತ್ತಿಲ್ಲ ಕಣಿ ನಂಗ.”

ಚೀಲ ತುಂಬಿತ್ತು. ಅವಳು ಬಕೆಟ್ಟು ತಂದು ಕೆಳಗಿನ ತಿರುಪು ಬಿಚ್ಚಿದಳು, ನೀರು ಹೋಯಿತು, ಮುಚ್ಚಿದಳು.

“ಸೋಮವಾರ ಅಯ್ಯನೋರು ಬತ್ತಾರ,” ಎಂದ. “ಜ್ಞಾನ ಇಲ್ದಾಗ ಬೇರೆಯೋರು ಮಾಡಿದ್ದಕ್ಕ ದೋಷ ಇಲ್ಲ. ಒಂದು ವಿಭೂತಿ ಧಾರಣೆ, ಲಿಂಗಕ್ಕ ಹೊಸ ಶಿವದಾರ, ಅಷ್ಟೇಯ. ಆದ್ರ ಹೆಂಡ್ತಿ ಒಪ್ಪಿದ್ರ ನಾ ಒಪ್ಪಿದಂಗ. ಆಮೇಲ ಹೆಂಗ ಕಟ್ಲಿ? ಡಾಕ್ಟ್ರು ಕೇಳ್ಲೇ ಇಲ್ಲ, ಅವರೇ ಮಾಡ್ಬುಟ್ರು ಅನ್ನು. ಅಷ್ಟಂದ್ರ ಸಾಕು, ಮಂಗಳವಾರದಿಂದ ಪೂಜೆಗ ಕೂರ್ತೀನಿ.”

ಅವಳು ಬಕೆಟ್ಟು ಎತ್ತಿಕೊಂಡು ಹೊರಗೆ ಹೋದಳು. ಅವಳು ಸುಮ್ಮನಿದ್ದರೆ ಹೂಂ ಎಂದಂತೆ, ಆ ಮನೆಯಲ್ಲಿ ಯಾವತ್ತೂ ಹಾಗೆಯೇ.

ಅವನು ಪೂಜೆಗೆ ಕೂರಲಿ ಎಂಬ ಆಸೆ ಅವನಿಗಿಂತ ಅವಳಿಗೇ ಹೆಚ್ಚಿತ್ತು. ಅದೇ ಬಾಯಿ, ಅದೇ ಜಾಗ, ಅದೇ ಚೀಲ. ಒಂದು ಮಾತು ಹೇಳಿದರೆ ದೋಷವಿಲ್ಲ, ಇನ್ನೊಂದು ಹೇಳಿದರೆ ದೋಷ. ದೋಷ ಇರುವುದು ಹೊಟ್ಟೆಯಲ್ಲೋ, ಮಾತಿನಲ್ಲೋ? ಎರಡು ದಿನ ಅದನ್ನೇ ಯೋಚಿಸಿದಳು. ಸೊಪ್ಪು ಬಿಡಿಸುತ್ತ ಬೇರನ್ನು ಪಾತ್ರೆಗೆ ಹಾಕಿ ಎಲೆಯನ್ನು ಎಸೆದಳು. ಹೇಳಿಬಿಟ್ಟರೆ ಯಾರಿಗೇನು ನಷ್ಟ ಎನಿಸಿತು. ಡಾಕ್ಟರಿಗೆ ಗೊತ್ತಾಗುವುದೇ ಇಲ್ಲ. ಆ ಹುಡುಗಿ ಅಂಗೈ ಮೇಲೆ ಬರೆದುಕೊಂಡದ್ದು ಎಂದೋ ತೊಳೆದುಹೋಗಿರುತ್ತದೆ. ಆದರೂ ಆ ಮಾತನ್ನು ಒಲೆಯ ಮುಂದೆ ಒಬ್ಬಳೇ ಹೇಳಿ ನೋಡಹೋದರೆ ‘ಡಾಕ್ಟ್ರು’ ಎಂಬಲ್ಲಿಗೇ ನಾಲಿಗೆ ನಿಲ್ಲುತ್ತಿತ್ತು.

ಸೋಮವಾರ ಹತ್ತರ ಹೊತ್ತಿಗೆ ಗುರುಮಲ್ಲಯ್ಯನವರು ಮೊಪೆಡ್ಡಿನಲ್ಲಿ ಬಂದರು. ಉಡಿಗಾಲದ ಕಡೆಯವರು, ಈ ಮನೆತನಕ್ಕೆ ಮೂರು ತಲೆಮಾರಿನಿಂದ ಗುರುಗಳು. ಶಾಂತಮಲ್ಲಮ್ಮ ಪಾದಕ್ಕೆ ನೀರು ಕೊಟ್ಟು ಚಾಪೆ ಹಾಸಿದಳು. ಅವರು ಪುಟ್ಟಮಲ್ಲಪ್ಪನನ್ನು ಮೇಲಿಂದ ಕೆಳಗೆ ನೋಡಿದರು.

“ಸೊರಗಿದ್ದೀಯ ಕಣಯ್ಯ. ಸರಿ, ತೋರ್ಸು.”

ಅವನು ಅಂಗಿ ಎತ್ತಲು ಹಿಂಜರಿದ. ಅವರೇ ಎತ್ತಿ ನೋಡಿದರು, ಮೂಗು ಸಿಂಡರಿಸಲಿಲ್ಲ. “ನಮ್ಮಣ್ಣಂಗೂ ಮೂತ್ರಕ್ಕ ನಳಿಗೆ ಹಾಕಿದ್ರು ಮೂರು ತಿಂಗಳು. ಬಾಟ್ಲು ಹಿಡ್ಕಂಡೇ ಮದುವೆ ಮಾಡ್ಸುದ್ದ. ಗಂಡಿನ ಕಡೆಯೋರು ತೀರ್ಥ ಅನ್ಕಂಡು ಕೈ ಒಡ್ಡುಬುಟ್ರು.”

ಸುಧಾಮಣಿ ಒಳಗಿನಿಂದ ಕಿಸಕ್ಕೆಂದಳು. ಪುಟ್ಟಮಲ್ಲಪ್ಪ ನಗಲಿಲ್ಲ.

“ಕೆಳಗೆ ಅಂತಲೇ ನಾನು ಒಪ್ಪಿದ್ದು ಬುದ್ಧಿ. ಎದ್ದು ನೋಡಿದ್ರ ಇಲ್ಲಿ. ಹೊಕ್ಕಳ ಮ್ಯಾಲ. ಕೈಯಾರ ಕಟ್ಟಕ್ಕ ಮನಸು ಬರ್ತಾ ಇಲ್ಲ.”

“ಯಾಕ ಇಲ್ಲಿ ಮಾಡುದ್ರು? ಯಾರು ಹೇಳಿದ್ದು?”

“ಯಾರೂ ಹೇಳ್ಲಿಲ್ಲ ಬುದ್ಧಿ. ಡಾಕ್ಟ್ರು ಯಾರುನ್ನೂ ಕೇಳ್ಲೇ ಇಲ್ಲ. ಇವಳು ಬಾಗಲಲ್ಲೇ ಕೂತಿದ್ಲು, ಇವಳುನ್ನೂ ಕೇಳ್ಲಿಲ್ಲ.” ಅವನು ಹೆಂಡತಿಯ ಕಡೆ ತಿರುಗಿದ. ತೋಳಿನ ಬಟ್ಟೆಯ ಗಂಟನ್ನು ಇನ್ನೊಂದು ಕೈ ಹಿಡಿದಿತ್ತು, ಬಿಚ್ಚಲು ತಯಾರಾದಂತೆ. “ಹೇಳು ಇವಳೇ, ಬುದ್ಧಿಯೋರಿಗ.”

ಶಾಂತಮಲ್ಲಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಅಯ್ಯನವರು ಅವಳನ್ನು ನೋಡಿದರು. 

“ಕೇಳುದ್ರು ಬುದ್ಧಿ,” ಎಂದಳು. “ಫೋಟೋ ತೋರ್ಸಿ ಕೇಳುದ್ರು. ನಂಗ ಅರ್ಧ ತಿಳೀತು, ಅರ್ಧ ತಿಳೀಲಿಲ್ಲ. ಆದ್ರ ಕೇಳುದ್ರು.”

ಗಂಟಿನ ಮೇಲಿದ್ದ ಕೈ ಅಲ್ಲೇ ನಿಂತಿತು. “ಶಾಂತಾ,” ಎಂದ ಪುಟ್ಟಮಲ್ಲಪ್ಪ. ಅವನು ಹೆಸರು ಹಿಡಿದು ಕರೆದದ್ದನ್ನು ಸುಧಾಮಣಿ ಅದುವರೆಗೆ ಕೇಳಿರಲಿಲ್ಲ. “ಕೈ ಮುಗೀತೀನಿ ಕಣ. ನಾ ಲಿಂಗ ಕಟ್ಟಬೇಕು. ಒಂದೇ ಒಂದು ಮಾತು. ಕೇಳ್ಲಿಲ್ಲ ಅಂತ ಹೇಳ್ಬುಡು.”

“ನಾ ಹೇಳಕಿಲ್ಲ,” ಎಂದಳು ಶಾಂತಮಲ್ಲಮ್ಮ.